ಪೆರುವಿನ ಡಬ್ಬಿಗೆ ಎರಡು ಕೈ

ಪೆರು ಎಂಬ ದೇಶ ಎಲ್ಲಿದೆ ಎಂದು ನಾರಾಯಣಮ್ಮನಿಗೆ ಗೊತ್ತಿರಲಿಲ್ಲ. ಊದುಬತ್ತಿ ಸಾಹುಕಾರ ರಾಘವನಿಗೂ ಗೊತ್ತಿರಲಿಲ್ಲ. ಆದರೆ ಅವನ ಕೈಯಲ್ಲಿ ಫೋನಿತ್ತು, ಫೋನಿನಲ್ಲಿ ಭೂಪಟವಿತ್ತು, ಹಾಗಾಗಿ ಅವನು ಹುಟ್ಟಿ ಬೆಳೆದ ಬೀದಿಯನ್ನು ತೋರಿಸುವವನಂತೆ ತೋರಿಸುತ್ತಿದ್ದ.

"ನೋಡಿ ನಾರಾಯಣಮ್ಮ, ನಾವಿರೋದು ಇಲ್ಲಿ," ಎಂದು ಒಂದು ಕಡೆ ಬೆರಳಿಟ್ಟ. ಆಮೇಲೆ ಭೂಪಟವನ್ನು ಸರಿಸಿದ, ಸರಿಸಿದ, ಒಂದು ಸಮುದ್ರ ಮುಗಿದು ಇನ್ನೊಂದು ಮುಗಿಯುವ ತನಕ ಸರಿಸಿದ. "ಅವ್ರಿರೋದು ಇಲ್ಲಿ. ಅಷ್ಟು ದೂರದಿಂದ ನಮ್ ಬತ್ತಿ ಹುಡುಕ್ಕೊಂಡು ಬರ್ತಿದಾರೆ ಅಂದ್ರೆ ಏನರ್ಥ, ನೀವೇ ಹೇಳಿ."

ನಾರಾಯಣಮ್ಮ ಭೂಪಟವನ್ನು ನೋಡಲಿಲ್ಲ, ಅವನ ಬಾಯಿಯನ್ನು ನೋಡಿದಳು. ಮೂವತ್ತೊಂದು ವರ್ಷ ಅವಳು ಆ ಮನೆತನದ ಶೆಡ್ಡಿನಲ್ಲಿ ಬತ್ತಿ ಹೊಸೆದವಳು. ಅಪ್ಪನ ಬೆರಳು ಹಿಡಿದುಕೊಂಡು ಶೆಡ್ಡಿಗೆ ಬರುತ್ತಿದ್ದ ಕಾಲದಿಂದಲೂ ಈ ರಾಘವ ಅವಳಿಗೆ 'ನೀನು' ಎಂದವನೇ. ಈಗ ಗವಿಪುರದ ಅವಳ ಒಂದೇ ಕೋಣೆಯ ಮನೆಗೆ ಬಂದು, ಪ್ಯಾಂಟಿಗೆ ಏನಾದರೂ ಮೆತ್ತಿಕೊಂಡೀತೆಂದು ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ ಕೂತು, 'ನೀವು' ಎನ್ನುತ್ತಿದ್ದಾನೆ. ಏನೋ ದೊಡ್ಡದೇ ಬೇಕಾಗಿರಬೇಕು.

"ಏನಾಗ್ಬೇಕಿತ್ತು ಸ್ವಾಮಿ?"

"ಒಂದ್ ದಿನದ ಕೆಲ್ಸ. ನೀವೂ ಇನ್ನೊಂದೈದು ಜನಾನೂ ಬಂದು ಬತ್ತಿ ಹೊಸೀಬೇಕು, ಅಷ್ಟೆ. ಅವ್ರು ನೋಡ್ಬೇಕಂತೆ. ಕೈಯಲ್ಲಿ ಹೊಸೆಯೋದನ್ನ ಕಣ್ಣಾರೆ ನೋಡ್ಬೇಕಂತೆ."

"ಶೆಡ್ ಮುಚ್ಚಿ ಮೂರು ವರ್ಷ ಆಯ್ತಲ್ಲ."

"ಅದಕ್ಕೇ ಬಂದಿದೀನಿ ತಾಯಿ!" ಎಂದ ರಾಘವ. ಶೆಡ್ಡನ್ನು ಬೇರೆ ಯಾರೋ ಮುಚ್ಚಿದ್ದರು, ಇವನು ತೆಗೆಸಲು ಓಡಾಡುತ್ತಿದ್ದಾನೆ ಎನ್ನುವಂತಿತ್ತು ದನಿ. "ಈ ಆರ್ಡರ್ ಕೈಗೆ ಬಂದ್ರೆ ಶೆಡ್ ತೆಗೀತೀನಿ. ನಲವತ್ತು ಜನಾನೂ ವಾಪಸ್. ನಿಮ್ಮನ್ನೇ ಮೇಲ್ವಿಚಾರಣೆಗೆ ಹಾಕ್ತೀನಿ. ದೇವರಾಣೆ."

ಶೆಡ್ ಮುಚ್ಚಿದ ದಿನ ಅವನು ನಲವತ್ತು ಹೆಂಗಸರಿಗೂ ಒಂದೊಂದು ಮೈಸೂರು ಪಾಕಿನ ಡಬ್ಬಿ ಕೊಟ್ಟಿದ್ದ. ಮದುವೆಗೆ ಬಂದವರನ್ನು ಕಳಿಸಿಕೊಡುವಂತೆ ಬಾಗಿಲಲ್ಲಿ ನಿಂತು ಕೈ ಮುಗಿದಿದ್ದ. ಅಲ್ಲಿಂದೀಚೆಗೆ ನಾರಾಯಣಮ್ಮ ಮೂರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಸೋಪಿನ ನೀರು ಬೆರಳ ಸಂದುಗಳನ್ನು ಸೀಳಿತ್ತು. ಬತ್ತಿ ಹೊಸೆದದ್ದಕ್ಕೆ ಕೈ ಕಪ್ಪಾಗುತ್ತಿತ್ತೇ ಹೊರತು ಎಂದೂ ಹೀಗೆ ಸೀಳಿರಲಿಲ್ಲ. ಪಾತ್ರೆ ಮನೆಗಳಲ್ಲಿ ಅವಳ ಕೆಲಸವನ್ನು ಯಾರೂ ನೋಡುವುದಿಲ್ಲ. ತಟ್ಟೆಗೆ ಜಿಡ್ಡು ಉಳಿದರೆ ಮಾತ್ರ ನೋಡುತ್ತಾರೆ. ಶೆಡ್ಡಿನಲ್ಲಿ ಅವಳು ಹೊಸೆದ ಕಟ್ಟನ್ನು ರಾಘವನ ಅಪ್ಪ ಬೆಳಕಿಗೆ ಹಿಡಿದು, ಹೊಸಬರಿಗೆ ತೋರಿಸಿ, "ಹೀಗೆ" ಎಂದಷ್ಟೇ ಹೇಳುತ್ತಿದ್ದರು.

ಅವಳು ರಾಘವನನ್ನು ನಂಬಲಿಲ್ಲ. ಆದರೆ ಬತ್ತಿ ಹೊಸೆಯುವ ಆ ಮಣೆ ಮತ್ತೆ ಸಿಗಬಹುದು ಎಂಬ ಆಸೆಗೂ ಅವನ ಮೇಲಿನ ನಂಬಿಕೆಗೂ ಸಂಬಂಧವಿರಲಿಲ್ಲ.

"ಬರ್ತೀವಿ," ಎಂದಳು.

ಐದು ಜನರನ್ನು ಹೊಂದಿಸುವಷ್ಟರಲ್ಲಿ ಸಾಕಾಯಿತು. ಶೆಡ್ಡಿನಲ್ಲಿ ಪಕ್ಕದ ಮಣೆಯವಳಾಗಿದ್ದ ಗಂಗರತ್ನಮ್ಮನಂತೂ ಮುಖಕ್ಕೇ ಕೇಳಿದಳು. ಅವಳು ಈಗ ಒಂದು ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಒರೆಸುತ್ತಿದ್ದಳು. ಅಲ್ಲಿನ ಸೂಪರ್‌ವೈಸರು ಹೇಳದೆ ರಜ ಹಾಕಿದವರನ್ನು ಮಾರನೇ ದಿನ ಗೇಟಿನಿಂದಲೇ ಕಳಿಸುವವನು.

"ಅಕ್ಕಾ, ಆ ಮೈಸೂರು ಪಾಕ್ ರಾಘವನ್ ಮಾತು ಕೇಳ್ಕೊಂಡು ನನ್ ಕೆಲ್ಸಕ್ಕೆ ಸಂಚಕಾರ ತರ್ತೀಯಲ್ಲ!"

"ಶೆಡ್ ತೆಗೀತಾನಂತೆ ಕಣೇ."

"ಅವ್ನು ಬಾಯಿ ತೆಗೀತಾನೆ, ಶೆಡ್ ತೆಗೆಯಲ್ಲ."

"ನಾನ್ ಹೇಳ್ತಿದೀನಲ್ಲ, ಬಾ."

ನಾರಾಯಣಮ್ಮ ಹೇಳಿದಳೆಂದು ಗಂಗರತ್ನಮ್ಮ ಬಂದಳು, ಉಳಿದ ನಾಲ್ವರೂ ಬಂದರು.

ಚಾಮರಾಜಪೇಟೆಯ ಶೆಡ್ಡಿಗೆ ಕಾಲಿಟ್ಟಾಗ ನಾರಾಯಣಮ್ಮನ ಮೂಗಿಗೆ ಮೊದಲು ಹೊಡೆದದ್ದು ಸೆಂಟಿನ ವಾಸನೆ. ಮೊದಲು ಇಲ್ಲಿ ಇದ್ದಿಲಿನ, ಹಸಿ ಮಸಾಲೆಯ, ಹೆಂಗಸರ ಎಲೆಅಡಿಕೆಯ ವಾಸನೆ ಇರುತ್ತಿತ್ತು. ಹೊಸೆಯುವುದು ನಿಂತ ಮೇಲೆ ಶೆಡ್ಡು ಗೋದಾಮಾಗಿತ್ತು, ಈಗ ಸೂರಿನ ತನಕ ರಟ್ಟಿನ ಪೆಟ್ಟಿಗೆಗಳು. ಬಿದಿರಿನ ಕಡ್ಡಿ ವಿಯೆಟ್ನಾಂನಿಂದ ಹಡಗಿನಲ್ಲಿ ಬರುತ್ತದೆ, ಹೊಸೂರು ರಸ್ತೆಯ ಕಾರ್ಖಾನೆಯಲ್ಲಿ ಮೆಷಿನ್ನು ಅದಕ್ಕೆ ಮಸಾಲೆ ಮೆತ್ತುತ್ತದೆ, ಇಲ್ಲಿ ನಾಲ್ಕು ಹುಡುಗರು ಅದನ್ನು ಸೆಂಟಿನಲ್ಲಿ ಅದ್ದಿ ಡಬ್ಬಿಗೆ ತುಂಬುತ್ತಾರೆ. ಇಷ್ಟಕ್ಕೆ ರಾಘವ ತನ್ನನ್ನು ಊದುಬತ್ತಿ ತಯಾರಕ ಎಂದು ಕರೆದುಕೊಳ್ಳುತ್ತಿದ್ದ.

ಆ ನಾಲ್ಕು ಹುಡುಗರಿಗೆ ಅಂದು ರಜ. ಪೆಟ್ಟಿಗೆಗಳ ಮುಂದೆ ಶಾಮಿಯಾನದ ಹಳದಿ ಬಟ್ಟೆ ಇಳಿಬಿಟ್ಟು, ಅದರ ಮೇಲೆ ಸೇವಂತಿಗೆ ಸರ ತೂಗುಹಾಕಿದ್ದರು. ಬಟ್ಟೆಯ ಮುಂದೆ ಆರು ಹೊಸ ಮಣೆಗಳು, ಪ್ರತಿಯೊಂದಕ್ಕೂ ರಂಗೋಲಿ.

"ಏನ್ ಹಸೆಮಣೆನಾ ಇದು?" ಎಂದಳು ಗಂಗರತ್ನಮ್ಮ. "ಈ ವಯಸ್ಸಲ್ಲಿ ಯಾರಿಗ್ ಧಾರೆ ಎರೀತಾರೋ!"

ರಾಘವನ ಹೆಂಡತಿ ಆಂಡಾಳಮ್ಮ ಆರು ಬಾಡಿಗೆ ಸೀರೆ ತಂದಿದ್ದಳು. ಆರೂ ಒಂದೇ ಥರ, ಹಸಿರು ಮೈ, ಕೆಂಪು ಅಂಚು. "ಎಲ್ಲಾರೂ ಇದುಟ್ಕೊಳ್ಳಿ. ಕೆಲ್ಸದವ್ರ ಥರ ಕಾಣ್ಬಾರ್ದು," ಎಂದಳು. ಕೆಲಸವನ್ನೇ ನೋಡಲು ಬರುವವರ ಮುಂದೆ ಕೆಲಸದವರಂತೆ ಕಾಣಬಾರದು ಎನ್ನುವುದರಲ್ಲಿ ಅವಳಿಗೇನೂ ವಿಚಿತ್ರ ಕಾಣಿಸಲಿಲ್ಲ.

ಮಸಾಲೆಯ ಬೋಗುಣಿ ಬಂದಾಗ ನಾರಾಯಣಮ್ಮ ತಡೆದಳು. ಒಳಗಿದ್ದದ್ದು ಹಳದಿ ಮುದ್ದೆ. ಚಿಟಿಕೆ ಮುರಿದು ಮೂಗಿಗೆ ಹಿಡಿದಳು.

"ಅಮ್ಮಾವ್ರೇ, ಇದು ಕಡಲೆಹಿಟ್ಟು."

"ಅರಿಶಿನಾನೂ ಹಾಕಿದೀನಿ. ಆ ಇದ್ದಿಲ ಪುಡಿ ಬೇಡ ನಾರಾಯಣಮ್ಮ, ಕೈಯೆಲ್ಲ ಕಪ್ಪಾಗುತ್ತೆ. ಫೋಟೋದಲ್ಲಿ ಅಸಹ್ಯ. ಶುಭಕಾರ್ಯದ ದಿನ ಕಪ್ಪು ಯಾಕೆ?"

"ಇದು ಉರಿಯಲ್ಲ."

"ಉರಿಸೋದು ಯಾರು? ನೋಡೋದಷ್ಟೆ."

ಗಂಗರತ್ನಮ್ಮ ಮೆಲ್ಲಗೆ, "ಒಂದೆರಡು ಹಸಿಮೆಣಸಿನಕಾಯಿ ಕೊಟ್ರೆ ಬಜ್ಜಿನಾದ್ರೂ ಕರೀಬೋದಿತ್ತು," ಎಂದಳು. ಉಳಿದವರು ಸೆರಗು ಬಾಯಿಗಿಟ್ಟುಕೊಂಡರು. ನಾರಾಯಣಮ್ಮ ನಗಲಿಲ್ಲ. ಶೆಡ್ ತೆಗೆಯುವವರು ಶೆಡ್ಡಿನ ಮಸಾಲೆಗೆ ಅಸಹ್ಯಪಡುತ್ತಾರೆಯೇ ಎಂದು ಅವಳು ಯೋಚಿಸುತ್ತಿದ್ದಳು.

ಹನ್ನೊಂದಕ್ಕೆ ಬರಬೇಕಾದವರು ಹನ್ನೆರಡೂವರೆಗೆ ಬಂದರು. ಪೆರುವಿನಿಂದ ಬಂದವರು ಇಬ್ಬರೇ. ಒಬ್ಬಳು ಮಾರ್ತಾ, ಗಟ್ಟಿಮುಟ್ಟಾದ ನಡುವಯಸ್ಸಿನ ಹೆಂಗಸು, ಆ ದೇಶದಲ್ಲಿ ಸುಗಂಧದ ಸಾಮಾನಿನ ಅಂಗಡಿಗಳನ್ನು ನಡೆಸುವವಳು. ಇನ್ನೊಬ್ಬ ಅವಳ ಕ್ಯಾಮೆರಾದವನು. ಅವರ ಮಾತನ್ನು ಕನ್ನಡಕ್ಕೂ ಇಲ್ಲಿಯವರ ಮಾತನ್ನು ಸ್ಪ್ಯಾನಿಷ್‌ಗೂ ತಿರುಗಿಸಲು ಮಲ್ಲೇಶ್ವರದಿಂದ ಸಮರ್ಥ ಎಂಬ ಹುಡುಗನನ್ನು ಕರೆಸಿದ್ದರು. ಇವರ ಮುಂದೆ ಹಾರ, ಶಾಲು, ಮೈಸೂರು ಪೇಟಗಳ ತಟ್ಟೆ ಹಿಡಿದು ಬಂದವರು ಗಂಗಾಧರಯ್ಯ, ಭಾರತ–ಪೆರು ಆರ್ಥಿಕ ಮೈತ್ರಿ ವೇದಿಕೆಯ ಅಧ್ಯಕ್ಷರು.

ವೇದಿಕೆಯ ಬ್ಯಾನರನ್ನು ಹಳದಿ ಬಟ್ಟೆಗೆ ಕಟ್ಟಿದರು. ಅದರಲ್ಲಿ 'ಪೆರು' ಎಂಬಷ್ಟನ್ನು ಮಾತ್ರ ಬೇರೆ ಕಾಗದದಲ್ಲಿ ಬರೆದು ಅಂಟಿಸಿತ್ತು. ಅಂಚು ಎದ್ದಿದ್ದ ಕಡೆ ಕೆಳಗಿನ ಹಳೇ ದೇಶದ ಒಂದೆರಡು ಅಕ್ಷರ ಕಾಣುತ್ತಿದ್ದವು. ಗಂಗಾಧರಯ್ಯ ಹಿಂದೆ ಎಷ್ಟು ದೇಶಗಳ ಮೈತ್ರಿ ಮಾಡಿದ್ದರೋ, ಅವರ ಶಾಲುಗಳಿಗೇ ಗೊತ್ತು.

ಅವರು ಮೈಕು ಹಿಡಿದರು. ಇಪ್ಪತ್ತಡಿ ಅಗಲದ ಶೆಡ್ಡಿಗೆ ಮೈಕು.

"ಪೆರು ಮತ್ತು ಭಾರತ! ಎಷ್ಟು ದೂರ, ಆದರೂ ಎಷ್ಟು ಹತ್ತಿರ! ಅವರೂ ಸೂರ್ಯನನ್ನು ಪೂಜಿಸಿದವರು, ನಾವೂ ಸೂರ್ಯನಿಗೆ ಅರ್ಘ್ಯ ಕೊಡುವವರು. ಅವರಲ್ಲಿ ಆಲೂಗಡ್ಡೆ ಹುಟ್ಟಿತು, ನಮ್ಮಲ್ಲಿ ಮಸಾಲೆದೋಸೆ ಹುಟ್ಟಿತು. ಆಲೂಗಡ್ಡೆ ಇಲ್ಲದೆ ಮಸಾಲೆದೋಸೆ ಉಂಟೇ? ಇದಕ್ಕಿಂತ ಹಳೆಯ ಆರ್ಥಿಕ ಸಂಬಂಧ ಜಗತ್ತಿನಲ್ಲಿ ಬೇರೆ ಎಲ್ಲಿದೆ?"

ಚಪ್ಪಾಳೆಗಾಗಿ ನಿಂತರು. ರಾಘವ ತಟ್ಟಿದ. ಆಂಡಾಳಮ್ಮ ಬಳೆ ಸದ್ದಾಗುವಂತೆ ತಟ್ಟಿದಳು. ಗಂಗಾಧರಯ್ಯ ಇಪ್ಪತ್ತು ನಿಮಿಷ ಮಾತಾಡಿದ್ದನ್ನು ಸಮರ್ಥ ಒಂದೂವರೆ ವಾಕ್ಯದಲ್ಲಿ ಮಾರ್ತಾಗೆ ಹೇಳಿ ಮುಗಿಸಿದ. ಅವಳು ತಲೆಗೆ ತೊಡಿಸಿದ್ದ ಪೇಟ ಸರಿಪಡಿಸಿಕೊಂಡು ನಕ್ಕಳು. ಅದು ಆಗಲೇ ಎರಡು ಸಲ ಹುಬ್ಬಿನ ತನಕ ಜಾರಿತ್ತು.

ಆಮೇಲೆ ಹೊಸೆಯುವ ಸರದಿ ಬಂತು.

ನಾರಾಯಣಮ್ಮ ಮಣೆಯ ಮುಂದೆ ಕಾಲು ಮಡಿಸಿ ಕೂತಳು. ಕಡಲೆಹಿಟ್ಟೇ ಆಗಲಿ, ಅಂಗೈಗೆ ಮುದ್ದೆ ಸಿಕ್ಕಿದ ಕೂಡಲೇ ಮೂರು ವರ್ಷ ಎಲ್ಲೋ ಹೋಯಿತು. ಮುದ್ದೆಯನ್ನು ಮಣೆಯ ಮೇಲೆ ಒತ್ತಿ ತೆಳ್ಳಗೆ ಎಳೆದು, ಅದರ ಪಕ್ಕ ಕಡ್ಡಿ ಇಟ್ಟು, ಅಂಗೈಯ ಬುಡದಿಂದ ಒಂದೇ ಸಲ ಮುಂದಕ್ಕೆ ತಳ್ಳಿದಳು. ಹಿಟ್ಟು ಕಡ್ಡಿಯನ್ನು ಸುತ್ತಿಕೊಂಡು, ಹಿಡಿಯಲು ಬೇಕಾದಷ್ಟು ತುದಿಯನ್ನು ಬರಿದಾಗಿ ಬಿಟ್ಟು ನಿಂತಿತು. ಇನ್ನೊಂದು. ಮತ್ತೊಂದು. ಪಕ್ಕದಲ್ಲಿ ಐವರ ಕೈಗಳೂ ಅದೇ ಲಯಕ್ಕೆ ಬಿದ್ದವು. ಶೆಡ್ಡಿನಲ್ಲಿ ಮಣೆಗಳ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಗಂಗಾಧರಯ್ಯ ಕೂಡ ಬಾಯಿ ಮುಚ್ಚಿದ್ದರು.

ಮಾರ್ತಾ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಕ್ಯಾಮೆರಾದವನಿಗೆ ಬೆರಳು ತೋರಿಸಿ ಏನೇನೋ ಹೇಳಿದಳು. ಅವನು ನಾರಾಯಣಮ್ಮನ ಮುಖ ಬಿಟ್ಟು ಕೈಗಳ ಹತ್ತಿರಕ್ಕೇ ಬಂದ. ಬೆರಳ ಸಂದಿನ ಸೀಳುಗಳ ತನಕ ಬಂದ.

"ಏನಂತಿದಾರಪ್ಪ?" ಎಂದು ಅವಳು ಸಮರ್ಥನನ್ನು ಕೇಳಿದಳು.

"ನಿಮ್ ಕೈ ತುಂಬಾ ಚೆನ್ನಾಗಿದೆಯಂತೆ ಅಮ್ಮ. ಡಬ್ಬಿ ಮೇಲೆ ಹಾಕೋಕೆ ಇಂಥದ್ದೇ ಕೈ ಬೇಕಿತ್ತಂತೆ. ಮುಖ ಬೇಡ, ಕೈ ಮಾತ್ರ."

"ತಿಂಗಳಿಗೆ ಎಷ್ಟ್ ಬತ್ತಿ ಬೇಕಂತೆ ಅವರಿಗೆ? ಕೇಳು. ನಾವು ನಲವತ್ತು ಜನ ಇದೀವಿ ಅನ್ನು."

ಸಮರ್ಥ ಕೇಳಿದ. ಮಾರ್ತಾ ಹುಬ್ಬೇರಿಸಿ, ಹಳದಿ ಬಟ್ಟೆಯ ಕಡೆ ಕೈ ಮಾಡಿ, ಸಾಕಷ್ಟು ಉದ್ದಕ್ಕೆ ಉತ್ತರ ಕೊಟ್ಟಳು. ಹುಡುಗ ತಲೆ ಕೆರೆದುಕೊಂಡ. ಯಾವ ಮಾತನ್ನು ಯಾರಿಗೆ ಹೇಳಬಾರದು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಅಮ್ಮ, ಅವ್ರಿಗೆ ಬೇಕಾಗಿರೋದು ಈ ಕೈಬತ್ತಿ ಅಲ್ವಂತೆ. ಹಿಂದೆ ಇದೆಯಲ್ಲ ಪೆಟ್ಟಿಗೆಲಿ, ಮೆಷಿನ್‌ದು, ಅದನ್ನೇ ತಗೋಳೋದಂತೆ. ಹೋದ ತಿಂಗಳೇ ಎಲ್ಲಾ ಮಾತಾಗಿದೆಯಂತೆ. ಈಗ ಫೋಟೋಗೆ ಅಂತ ಬಂದಿರೋದು."

"ಕೈಬತ್ತಿ ಒಂದೂ ಬೇಡ್ವಾ?"

"ಅದು ದುಬಾರಿ ಅಲ್ವಾ, ಅಲ್ಲಿ ಯಾರೂ ಕೊಳ್ಳಲ್ವಂತೆ. ಆದ್ರೆ ಡಬ್ಬಿ ಮೇಲೆ ಕೈ ಇದ್ರೆ, ಕೈಯಲ್ಲಿ ಮಾಡಿದ್ದು ಅಂತ ಜಾಸ್ತಿ ಕೊಟ್ಟು ತಗೋತಾರಂತೆ." ಅವನಿಗೇ ನಾಚಿಕೆಯಾದಂತಿತ್ತು. "ರಾಘವ ಸಾರ್ ನಿಮಗೆ ಹೇಳಿಲ್ವಾ?"

ನಾರಾಯಣಮ್ಮನ ಕೈ ನಿಂತಿತು. ಮಾರ್ತಾಳನ್ನು ನೋಡಿದಳು. ಆ ಹೆಂಗಸು ಇನ್ನೂ ನಗುತ್ತಿದ್ದಳು, ಒಳ್ಳೆಯ ನಗುವೇ. ಎರಡು ಸಮುದ್ರ ದಾಟಿ ಬಂದು ಆಡುವ ಸುಳ್ಳೂ ಚಾಮರಾಜಪೇಟೆಯ ಸುಳ್ಳೂ ಒಂದೇ ಅಳತೆಯದು. ಇವಳಿಗೂ ರಾಘವನಿಗೂ ಸತ್ಯ ಗೊತ್ತು, ಇಬ್ಬರೂ ಸೇರಿ ಪೆರುವಿನ ಯಾರೋ ಊದುಬತ್ತಿ ಹಚ್ಚುವ ಬಡಪಾಯಿಗಳ ಮುಂದೆ ಅವಳ ಸೀಳುಬಿದ್ದ ಕೈ ಹಿಡಿಯಬೇಕೆಂದಿದ್ದಾರೆ. ಆರ್ಥಿಕ ಸಂಬಂಧ ಎಂದರೆ ಇದು. ಇದಕ್ಕೆ ಮೈಕು ಬೇರೆ.

ಅಷ್ಟರಲ್ಲಿ ರಾಘವ ಒಂದು ಕಾಗದವನ್ನೂ ಪೆನ್ನನ್ನೂ ಹಿಡಿದುಕೊಂಡು ಬಂದ. "ನಾರಾಯಣಮ್ಮ, ಇಲ್ಲೊಂದ್ ಸಹಿ ಹಾಕ್ಬಿಡಿ. ಫಾರ್ಮಾಲಿಟಿ."

"ಏನಿದು ಸ್ವಾಮಿ?"

"ಏನಿಲ್ಲ. ನಿಮ್ ಕೈ ಫೋಟೋ ಡಬ್ಬಿ ಮೇಲೆ ಹಾಕೋಕೆ ಒಪ್ಪಿಗೆ. ಅವರ ದೇಶದಲ್ಲಿ ಅದೊಂದು ಕಾನೂನು. ಇದಿಲ್ದೆ ಅವ್ರು ಪ್ರಿಂಟ್ ಹಾಕಲ್ಲ."

"ಶೆಡ್ ಯಾವಾಗ ತೆಗೀತೀರಿ?"

"ತೆಗಿಯೋಣ, ತೆಗಿಯೋಣ. ಮೊದಲು ಇದಾಗ್ಲಿ."

"ಅವ್ರಿಗೆ ಬೇಕಾಗಿರೋದು ಆ ಬಟ್ಟೆ ಹಿಂದಿರೋದಂತೆ."

ರಾಘವ ಸಮರ್ಥನ ಕಡೆ ನೋಡಿದ ನೋಟಕ್ಕೆ ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಅವನು ನಾರಾಯಣಮ್ಮನ ಪಕ್ಕ ಬಗ್ಗಿ, ಅತಿಥಿಗಳಿಗಾಗಿ ಹಲ್ಲು ಕಾಣುವಂತೆ ನಗುತ್ತಲೇ ಹೇಳಿದ: "ಇದು ಬಿಸಿನೆಸ್ಸು, ನಿಮಗರ್ಥ ಆಗಲ್ಲ. ಮೊದಲು ಮೆಷಿನ್‌ದು ಹೋಗುತ್ತೆ, ಆಮೇಲೆ ಕೈಬತ್ತಿ."

"ಹಂಗಾದ್ರೆ ಅದನ್ನೂ ಇದೇ ಕಾಗದದಲ್ಲಿ ಬರೀರಿ. ಶೆಡ್ ತೆಗೀತೀನಿ, ಇವರಿಗೆಲ್ಲಾ ಕೆಲ್ಸ ಕೊಡ್ತೀನಿ ಅಂತ. ನೀವೂ ಹಾಕಿ, ನಾನೂ ಹಾಕ್ತೀನಿ."

"ಅದೆಲ್ಲ ಈಗ ಬರಿಯೋಕಾಗುತ್ತಾ?"

"ಇದು ಈಗ ಬರಿಯೋಕಾಗುತ್ತೆ, ಅದು ಆಗಲ್ವಾ?"

ನಗು ಮುಖದ ಮೇಲೇ ಉಳಿಯಿತು, ದನಿ ಮಾತ್ರ ಅದರ ಕೆಳಗಿನಿಂದ ಜಾರಿತು. "ಏಯ್, ನೋಡು, ಎಷ್ಟ್ ಕೇಳ್ತೀಯೋ ಅಷ್ಟು ಕೊಡ್ತೀನಿ. ಸುಮ್ನೆ ಸಹಿ ಹಾಕು. ಮರ್ಯಾದೆ ತೆಗೀಬೇಡ ನಂದು."

'ನೀನು' ವಾಪಸು ಬಂದಿತ್ತು. ಅವಳಿಗೆ ಒಂಥರಾ ಹಗುರವಾಯಿತು. ಬಾಡಿಗೆಯ ಬಹುವಚನವನ್ನು ಇಷ್ಟು ಹೊತ್ತು ಹೊತ್ತುಕೊಂಡು ಕೂತಿದ್ದೇ ಸಾಕಾಗಿತ್ತು.

"ಮುಚ್ಚಿರೋ ಶೆಡ್‌ನಲ್ಲಿ ನನ್ ಕೈಗೇನ್ ಕೆಲ್ಸ ಸ್ವಾಮಿ? ಡಬ್ಬಿ ಮೇಲೂ ಅದಕ್ಕೆ ಕೆಲ್ಸ ಇಲ್ಲ," ಎಂದಳು. ಪೆನ್ನನ್ನು ಕಾಗದದ ಮೇಲಿಟ್ಟು, ಕಾಗದವನ್ನು ರಂಗೋಲಿಯ ಮೇಲಿಟ್ಟು, ಮಂಡಿ ಹಿಡಿದು ಎದ್ದಳು. ಉಳಿದ ಐವರೂ ಒಬ್ಬೊಬ್ಬರಾಗಿ ಎದ್ದರು.

ಗಂಗರತ್ನಮ್ಮ ಮಾತ್ರ ಎದ್ದವಳು ಹಿಂದೆ ತಿರುಗಿ, ಮಣೆಯ ಮೇಲಿದ್ದ ಮುದ್ದೆಯನ್ನು ಕಾಲಿಗೆ ಮೆತ್ತಿಕೊಳ್ಳದಂತೆ ದಾಟಿ, ಕೇಳಿದಳು: "ಹಂಗಾದ್ರೆ ಹೋಯ್ತಾ ಅಕ್ಕಾ?"

"ಹೋಯ್ತು."

"ನಂಗ್ ಗೊತ್ತಿತ್ತು ಬಿಡು," ಎಂದಳು ಗಂಗರತ್ನಮ್ಮ. ಆದರೆ ಗೊತ್ತಿದ್ದವಳ ಮುಖ ಹಾಗಿರಲಿಲ್ಲ.

ಮಾರ್ತಾ ಗಡಿಯಾರ ನೋಡಿಕೊಂಡಳು. ಗಂಗಾಧರಯ್ಯ "ಸ್ವಲ್ಪ ತಾಂತ್ರಿಕ ತೊಂದರೆ" ಎಂದು ಮೈಕಿನಲ್ಲಿ ಹೇಳಿ ಎಲ್ಲರಿಗೂ ಎಳನೀರು ಕೊಡಿಸಿದರು. ರಾಘವ ಶೆಡ್ಡಿನ ಆ ತುದಿಯಿಂದ ಈ ತುದಿಗೆ ನಡೆದ. ಆಮೇಲೆ ಅವನ ಕಣ್ಣು ಹೆಂಡತಿಯ ಕೈ ಮೇಲೆ ಬಿತ್ತು. ಬೆಳ್ಳಗಿನ, ದುಂಡನೆಯ ಕೈಗಳು, ಮುಂಗೈ ಅರ್ಧದ ತನಕ ಬಳೆ.

"ಆಂಡಾಳ್, ಬಾ, ಕೂತ್ಕೋ. ಕೈ ಯಾರದಾದ್ರೇನು!"

"ಅಯ್ಯೋ, ನಂಗೆ ಬರುತ್ತೇನ್ರಿ?"

"ಬತ್ತಿ ಹೊಸೆಯೋದು ತಾನೆ. ದಿನಾ ದೇವರ ಮುಂದೆ ಮಾಡಲ್ವಾ ನೀನು?"

ಆಂಡಾಳಮ್ಮ ಮಣೆಯ ಮುಂದೆ ಕೂತಳು, ಸೆರಗು ಹರಡಿದಳು, ಸಂತೋಷವಾಗಿಯೇ ಸಹಿ ಹಾಕಿದಳು. ಆಮೇಲೆ ಹಳದಿ ಮುದ್ದೆಯಲ್ಲಿ ಗೋಲಿಯಷ್ಟು ಕಿತ್ತು, ಕಡ್ಡಿಯ ನಡುವೆ ಅಂಟಿಸಿ, ಎರಡು ಅಂಗೈಗಳ ಮಧ್ಯೆ ಇಟ್ಟು ಹೊಸೆಯತೊಡಗಿದಳು. ದಿನವೂ ದೇವರ ದೀಪಕ್ಕೆ ಹತ್ತಿಯನ್ನು ಹೇಗೆ ಹೊಸೆಯುತ್ತಾಳೋ ಹಾಗೆಯೇ. ಇಪ್ಪತ್ತು ವರ್ಷದ ಅಭ್ಯಾಸ, ಕೈ ತಾನಾಗಿ ಅದನ್ನೇ ಮಾಡಿತು. ಹಿಟ್ಟು ಕಡ್ಡಿಯ ಮಧ್ಯದಲ್ಲಿ ಉಂಡೆಯಾಗಿ ನಿಂತಿತು, ಎರಡು ತುದಿಯೂ ಬೋಳು. ಮುಂದಿದ್ದ ಮಣೆಯನ್ನು ಅವಳು ಮುಟ್ಟಲೂ ಇಲ್ಲ.

ಜಗತ್ತಿನಲ್ಲಿ ಯಾವ ಊದುಬತ್ತಿಯನ್ನೂ ಯಾರೂ ಹೀಗೆ ಹೊಸೆದಿರಲಿಲ್ಲ.

ಕ್ಯಾಮೆರಾದವನು ಬಗ್ಗಿದ. ಮಾರ್ತಾ ಅವನ ಹೆಗಲ ಮೇಲಿಂದ ನೋಡಿ, ಹೆಬ್ಬೆರಳು ಎತ್ತಿ, ಒಂದು ಮಾತು ಹೇಳಿದಳು.

"ಸೂಪರ್ ಅಂತೆ," ಎಂದ ಸಮರ್ಥ, ಯಾರನ್ನೂ ನೋಡದೆ.

ನಾರಾಯಣಮ್ಮ ಬಾಡಿಗೆ ಸೀರೆ ಮಡಿಸುತ್ತಿದ್ದಳು. ಓಹೋ, ಈ ಪೆರುವಿನವಳಿಗೂ ಗೊತ್ತಿಲ್ಲ! ಇವಳಂಗಡಿಗಳಲ್ಲಿ ಇಷ್ಟು ವರ್ಷ ಬತ್ತಿ ಉರಿದಿದೆ, ಅದಕ್ಕೆ ಮಸಾಲೆ ಹೇಗೆ ಹತ್ತಿತು ಎಂದು ಒಂದು ದಿನವೂ ಯೋಚಿಸಿಲ್ಲ. ಈಗ ತಾನೇ ಮೂಗಿನ ಮುಂದೆ ಹೊಸೆದು ತೋರಿಸಿದ್ದನ್ನೂ ನೋಡಿಲ್ಲ. ಅವಳು ನೋಡಿದ್ದು ಸೀಳು, ಸುಕ್ಕು, ಬೆಳಕು.

ಪಕ್ಕದಲ್ಲಿ ಗಂಗರತ್ನಮ್ಮ ಬಾಯಿ ತೆರೆದಳು. "ಅಕ್ಕಾ, ನೋಡೇ ಅಲ್ಲಿ, ಲಡ್ಡು ಕಟ್ತಾವ್ರೆ…"

"ಸುಮ್ನಿರೇ."

ರಾಘವನಿಗೆ ಏನೋ ಅನುಮಾನ ಬಂದಿರಬೇಕು. ಎಷ್ಟೆಂದರೂ ಆ ಅಪ್ಪನ ಮಗ. ಹೆಂಡತಿಯ ಅಂಗೈಯ ನಡುವಿನ ಉಂಡೆಯನ್ನೊಮ್ಮೆ, ನಾರಾಯಣಮ್ಮ ಹೊಸೆದಿಟ್ಟ ನೆಟ್ಟನೆಯ ಸಾಲನ್ನೊಮ್ಮೆ ನೋಡಿದ. ಕ್ಯಾಮೆರಾದವನನ್ನು ಒಂದು ನಿಮಿಷ ತಡೆದು, ಹತ್ತಿರ ಬಂದ. ಹೋಗಿದ್ದ ಬಹುವಚನವನ್ನು ಹೇಗೋ ಹುಡುಕಿ ತಂದಿದ್ದ.

"ನಾರಾಯಣಮ್ಮ, ಕೋಪ ಬಿಡಿ. ಸಹಿ ಬೇಡ, ಏನೂ ಬೇಡ. ಅವಳು ಹಿಡ್ಕೊಂಡಿರೋದು ಸರಿಯಾಗಿದೆಯಾ, ಅಷ್ಟ್ ಹೇಳ್ಬಿಟ್ಟು ಹೋಗಿ."

ನಾರಾಯಣಮ್ಮ ಆಂಡಾಳಮ್ಮನ ಹತ್ತಿರ ಹೋದಳು. ಒಂದು ನಿಮಿಷದ ಮಾತು. ಕೈ ಹಿಡಿದು ಮಣೆಯ ಮೇಲಿಟ್ಟು, ಅಂಗೈಯ ಬುಡ ಒತ್ತಿಸಿ ಒಂದು ಸಲ ತಳ್ಳಿಸಿದ್ದರೆ ಸಾಕಿತ್ತು. ನೂರಾರು ಹೆಣ್ಣುಮಕ್ಕಳಿಗೆ ಹಾಗೆಯೇ ಹಿಡಿಸಿ ಕಲಿಸಿದವಳು ಅವಳು. ಆಂಡಾಳಮ್ಮ ತಲೆಯೆತ್ತಿ, ಹೊಗಳಿಕೆಗೆ ಕಾದವಳಂತೆ ನೋಡಿದಳು.

"ಅಮ್ಮಾವ್ರು ಸರಿಯಾಗೇ ಮಾಡ್ತಾವ್ರೆ ಸ್ವಾಮಿ," ಎಂದಳು ನಾರಾಯಣಮ್ಮ. "ಹಂಗೇ ಹೊಡ್ಕೊಳ್ಳಿ ಫೋಟೋ. ಅಳ್ಳಾಡ್ಬೇಡಿ ಅಮ್ಮಾವ್ರೇ."

ಕ್ಯಾಮೆರಾ ಹೊಡೆದುಕೊಂಡಿತು, ಒಂದಾದ ಮೇಲೊಂದು, ಹತ್ತಿಪ್ಪತ್ತು ಸಲ.

ಬಾಗಿಲಲ್ಲಿ ಹೆಂಗಸರಿಗೆಂದು ಪುಳಿಯೋಗರೆ ಪೊಟ್ಟಣಗಳನ್ನು ಇಟ್ಟಿದ್ದರು. ನಾರಾಯಣಮ್ಮ ಅವುಗಳನ್ನು ದಾಟಿಕೊಂಡು ಹೋದಳು. ಗಂಗರತ್ನಮ್ಮ ಹೋಗಲಿಲ್ಲ, ಆರನ್ನೂ ಬಾಚಿಕೊಂಡಳು.

"ಬಿಟ್ಟು ಬಾರೇ ಅದನ್ನ."

"ಯಾಕೆ? ಪುಳಿಯೋಗರೆ ಏನ್ ತಪ್ಪ್ ಮಾಡ್ತು?"

ಸಿಗ್ನಲಿನ ಹತ್ತಿರ ಗಂಗರತ್ನಮ್ಮ, "ನಾಳೆ ಆ ಸೂಪರ್‌ವೈಸರ್‌ಗೆ ಏನ್ ಹೇಳ್ಲಿ?" ಎಂದಳು. ಈಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

"ನಾನೂ ಬರ್ತೀನಿ ಬೆಳಿಗ್ಗೆ. ನಾನೇ ಕರ್ಕೊಂಡು ಹೋಗಿದ್ದು ಅಂತ ಹೇಳ್ತೀನಿ."

"ಅವ್ನ್ ಕೇಳಲ್ಲ."

"ಕೇಳೋ ತನಕ ಗೇಟಲ್ಲಿ ನಿಂತ್ಕೊತೀನಿ," ಎಂದು ನಾರಾಯಣಮ್ಮ ರಸ್ತೆ ದಾಟಲು ಅವಳ ಮೊಣಕೈ ಹಿಡಿದುಕೊಂಡಳು.